ತಾಮ್ರಪಟದ ಬಳೆ ಮತ್ತು ಟ್ರೇಡರ್‌ಗಳ ಚಾಟ್

2019ರ ಜೂನ್ ತಿಂಗಳಲ್ಲಿ ಅಮೆರಿಕದ ಜೆಪಿ ಮಾರ್ಗನ್ ಸೆಕ್ಯುರಿಟೀಸ್ ಸಂಸ್ಥೆಯ ಕೆಲವು ನೌಕರರು, ಕಾನೂನಿನ ಪ್ರಕಾರ ಇನ್ನು ಇಟ್ಟುಕೊಳ್ಳಬೇಕಾಗಿಲ್ಲದ ಹಳೆಯ ಸಂದೇಶಗಳನ್ನು ಅಳಿಸುವ ಕೆಲಸದಲ್ಲಿ ತೊಡಗಿದ್ದರು. ಕೆಲಸ ನೆಟ್ಟಗೆ ನಡೆಯದೆ ದೋಷ ಹುಡುಕತೊಡಗಿದಾಗ, 2018ರ ಆರಂಭದ ಸಂದೇಶಗಳ ಮೇಲೂ ಅಳಿಸುವ ಆಜ್ಞೆಯನ್ನು ಓಡಿಸಿದರು. ಹೆದರುವ ಕಾರಣ ಅವರಿಗೆ ಕಾಣಲಿಲ್ಲ. ಮೂರು ವರ್ಷ ತುಂಬದ ಯಾವ ಸಂದೇಶವೂ ಅಳಿಯದಂತೆ ಬೀಗ ಹಾಕಲಾಗಿದೆ ಎಂದು ಆರ್ಕೈವ್ ಸೇವೆ ಒದಗಿಸುತ್ತಿದ್ದ ಕಂಪನಿ ಹೇಳಿತ್ತು. ಆದರೆ ಒಂದು ಡೊಮೇನಿನ, ಎಂದರೆ ಇಮೇಲ್ ವಿಳಾಸಗಳ ಒಂದು ಗುಂಪಿನ, ಮಟ್ಟಿಗೆ ಆ ಬೀಗ ಬಿದ್ದೇ ಇರಲಿಲ್ಲ. ಸುಮಾರು 4.7 ಕೋಟಿ ಸಂದೇಶಗಳು ಮರಳಿ ಪಡೆಯಲಾಗದಂತೆ ಹೋದವು. ಅಲ್ಲಿನ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಎಸ್‌ಇಸಿ 2023ರಲ್ಲಿ ಇದಕ್ಕಾಗಿ 40 ಲಕ್ಷ ಡಾಲರ್ ದಂಡ ವಿಧಿಸಿತು. ಇಲ್ಲಿ ಕಳ್ಳರಿಲ್ಲ, ಸಂಚಿಲ್ಲ. ಇದ್ದದ್ದು ಯಾರೂ ಎಳೆದು ನೋಡದ ಒಂದು ಬೀಗ.

ಬ್ಯಾಂಕುಗಳ ಪರವಾಗಿ ಪೇಟೆಯಲ್ಲಿ ಕೊಂಡು ಮಾರುವ ಟ್ರೇಡರ್‌ಗಳ ಚಾಟ್ ಸಂದೇಶಗಳನ್ನು ಆರ್ಕೈವ್ ಮಾಡುವುದೆಂದರೆ ಅವನ್ನು ದೊಡ್ಡ ಡಿಸ್ಕಿನಲ್ಲಿ ತುಂಬಿಡುವುದು ಎಂದು ತಂತ್ರಜ್ಞಾನ ಬಲ್ಲವರೂ ನಂಬಿರುವುದನ್ನು ಕಂಡಾಗ ನನಗೆ ಸ್ವಲ್ಪ ಅಸಹನೆಯಾಗುತ್ತದೆ. ‘ಬ್ಯಾಕಪ್ ಇದೆಯಲ್ಲ’ ಎನ್ನುತ್ತಾರೆ. ಬ್ಯಾಕಪ್ ಇರುವುದು ನಿನ್ನೆಯ ಸ್ಥಿತಿಗೆ ಮರಳುವುದಕ್ಕೆ. ನಿನ್ನೆಯೇ ಯಾರಾದರೂ ಒಂದು ಸಾಲನ್ನು ತಿದ್ದಿದ್ದರೆ ಅದು ಆ ತಿದ್ದುಪಡಿಯನ್ನೇ ಶ್ರದ್ಧೆಯಿಂದ ಕಾಪಾಡುತ್ತದೆ. ಆರ್ಕೈವ್ ಮಾಡಬೇಕಾದ ಕೆಲಸ ಬೇರೆ. ಐದು ವರ್ಷ ಕಳೆದ ಮೇಲೆ, ನಮ್ಮ ಮೇಲೆ ಅನುಮಾನವಿರುವ ಒಬ್ಬ ತನಿಖಾಧಿಕಾರಿಯ ಮುಂದೆ ‘ಇದರಲ್ಲಿ ಒಂದಕ್ಷರವೂ ಬದಲಾಗಿಲ್ಲ, ಒಂದು ಸಂದೇಶವೂ ಬಿಟ್ಟುಹೋಗಿಲ್ಲ’ ಎಂದು ಅದು ಸಾಕ್ಷಿ ನುಡಿಯಬೇಕು. ಈ ವಾಕ್ಯದ ಮೊದಲ ಅರ್ಧವನ್ನು ಸಾಧಿಸುವ ಗಣಿತ ಸುಂದರವಾದದ್ದು; ಎರಡನೆಯ ಅರ್ಧ ಬಹಳ ಕಷ್ಟದ್ದು.

ಚಾಟಿಗೆ ಇಷ್ಟು ಮಹತ್ವ ಬಂದದ್ದು ಲಂಡನ್ನಿನ ಎರಡು ಹಗರಣಗಳಿಂದ. ಬ್ಯಾಂಕುಗಳು ಪರಸ್ಪರ ಸಾಲ ಕೊಡುವ ಬಡ್ಡಿದರವಾಗಿದ್ದ ಲೈಬರ್ ಅನ್ನು ತಮಗೆ ಬೇಕಾದಂತೆ ಬಾಗಿಸಿದ ಪ್ರಕರಣದಲ್ಲಿ ಬಾರ್‌ಕ್ಲೇಸ್ ಬ್ಯಾಂಕು 2012ರಲ್ಲಿ 29 ಕೋಟಿ ಪೌಂಡ್ ದಂಡ ತೆತ್ತಿತು; ಉಪಕಾರ ಮಾಡಿದವನಿಗೆ ಶಾಂಪೇನ್ ಬಾಟಲಿ ತೆರೆಯುವುದಾಗಿ ಬರೆದ ಸಂದೇಶವೂ ನಿಯಂತ್ರಕರ ಕಡತ ಸೇರಿತ್ತು. ಮುಂದೆ ವಿದೇಶಿ ವಿನಿಮಯ ಪೇಟೆಯ ಪ್ರಕರಣದಲ್ಲಿ, ಬೇರೆ ಬೇರೆ ಬ್ಯಾಂಕುಗಳ ಟ್ರೇಡರ್‌ಗಳು ‘ದಿ ಕಾರ್ಟೆಲ್’ ಎಂಬ ಹೆಸರಿನ ಚಾಟ್ ಕೋಣೆಯಲ್ಲಿ ಕುಳಿತು, ಲಂಡನ್ ಸಮಯ ಸಂಜೆ ನಾಲ್ಕಕ್ಕೆ ನಿಗದಿಯಾಗುವ ಡಾಲರ್–ಯೂರೋ ದರವನ್ನು ಮೊದಲೇ ಮಾತಾಡಿಕೊಳ್ಳುತ್ತಿದ್ದುದು ಬಯಲಾಯಿತು. 2015ರ ಮೇ ತಿಂಗಳಲ್ಲಿ ನಾಲ್ಕು ಬ್ಯಾಂಕುಗಳು ತಪ್ಪೊಪ್ಪಿಕೊಂಡು, 250 ಕೋಟಿ ಡಾಲರಿಗೂ ಮಿಕ್ಕ ದಂಡ ಕಟ್ಟಲು ಒಪ್ಪಿದವು. ಎರಡರಲ್ಲಿಯೂ ತನಿಖೆಗೆ ದಾರಿ ತೋರಿದ್ದು ಟ್ರೇಡರ್‌ಗಳೇ ಬರೆದು ಮರೆತಿದ್ದ ಸಾಲುಗಳು.

ಕಾನೂನು ಅದಕ್ಕಿಂತ ಹಳೆಯದು. ಎಸ್‌ಇಸಿಯ 17ಎ-4 ಎಂಬ ನಿಯಮ, ಷೇರು ದಲ್ಲಾಳಿ ಸಂಸ್ಥೆಗಳು ವ್ಯವಹಾರದ ಪತ್ರವ್ಯವಹಾರವನ್ನು ಮೂರು ವರ್ಷ ಇಟ್ಟುಕೊಳ್ಳಬೇಕೆನ್ನುತ್ತದೆ. ವಿದ್ಯುನ್ಮಾನ ರೂಪದಲ್ಲಿ ಇಡುವುದಾದರೆ ಅಳಿಸಲಾಗದ, ಮೇಲೆ ಬರೆಯಲಾಗದ ಮಾಧ್ಯಮದಲ್ಲಿರಬೇಕು ಎಂದು 1997ರಲ್ಲಿ ಹೇಳಿತು. ಯೂರೋಪಿನಲ್ಲಿ 2018ರ ಜನವರಿಯಿಂದ ಜಾರಿಯಲ್ಲಿರುವ ನಿಯಮಾವಳಿಯ ಅವಧಿ ಐದು ವರ್ಷ, ನಿಯಂತ್ರಕರು ಕೇಳಿದರೆ ಏಳು. ನಮ್ಮ ಷೇರುಪೇಟೆಯ ನಿಯಂತ್ರಕ ಸೆಬಿಯ ಒಳವ್ಯಾಪಾರ ತಡೆ ನಿಯಮಗಳು ಟ್ರೇಡರ್‌ಗಳ ಚಾಟಿನ ಬಗ್ಗೆ ಅಲ್ಲದಿದ್ದರೂ ಇದೇ ಚಿಂತನೆಯವು: ಕಂಪನಿಯ ಗುಟ್ಟಿನ ಮಾಹಿತಿಯನ್ನು ಯಾರು ಯಾರೊಂದಿಗೆ ಹಂಚಿಕೊಂಡರೆಂಬ ದಾಖಲೆಯನ್ನು ವೇಳೆಯ ಮುದ್ರೆಯೊಂದಿಗೆ, ತಿದ್ದಲಾಗದಂತೆ, ಕನಿಷ್ಠ ಎಂಟು ವರ್ಷ ಇಡಬೇಕು.

ಈಗ ಒಂದೇ ಒಂದು ಸಂದೇಶವನ್ನು ಹತ್ತಿರದಿಂದ ನೋಡೋಣ. ಚಳಿಗಾಲದ ಒಂದು ದಿನ ಲಂಡನ್ನಿನಲ್ಲಿ ಮಧ್ಯಾಹ್ನ 3 ಗಂಟೆ 58 ನಿಮಿಷಕ್ಕೆ ಒಬ್ಬ ಟ್ರೇಡರ್ ‘ಸರಿ’ ಎಂದಷ್ಟೇ ಬರೆಯುತ್ತಾನೆ. ಈ ಎರಡಕ್ಷರಕ್ಕೆ ತಾನಾಗಿ ಯಾವ ಅರ್ಥವೂ ಇಲ್ಲ. ಅದು ಯಾವ ಮಾತಿಗೆ ಉತ್ತರ, ಆಗ ಕೋಣೆಯಲ್ಲಿ ಯಾರು ಯಾರಿದ್ದರು, ಒಂದು ನಿಮಿಷ ಮುಂಚೆ ಒಳಬಂದವರು ಯಾರು, ಬರೆದವನು ಆಮೇಲೆ ಅದನ್ನು ‘ಬೇಡ’ ಎಂದು ತಿದ್ದಿದನೇ, ಇನ್ನೊಬ್ಬನು ಅದಕ್ಕೆ ಹೆಬ್ಬೆರಳಿನ ಚಿತ್ರ ಒತ್ತಿದನೇ ಎಂಬುದೆಲ್ಲ ಸೇರಿದಾಗ ಮಾತ್ರ ಅದು ಸಾಕ್ಷ್ಯ. ಆದ್ದರಿಂದ ಆರ್ಕೈವ್ ಹಿಡಿಯಬೇಕಾದದ್ದು ಘಟನೆಗಳನ್ನು: ಬಂದರು, ಹೋದರು, ಬರೆದರು, ತಿದ್ದಿದರು, ಅಳಿಸಿದರು. ತಿದ್ದಿದ ಸಂದೇಶಕ್ಕೆ ಹೊಸ ಪಠ್ಯ ಬಂದರೆ ಹಳೆಯದರ ಪಕ್ಕದಲ್ಲಿ ಬರಬೇಕೇ ಹೊರತು ಅದರ ಮೇಲೆ ಅಲ್ಲ. ವೇಳೆಯದ್ದಂತೂ ದೊಡ್ಡ ತಲೆನೋವು. ಅದೇ ಕ್ಷಣ ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಯಲ್ಲಿ ವ್ಯವಸ್ಥೆಯನ್ನು ಕಾಯುತ್ತಿರುವವಳ ಗಡಿಯಾರದಲ್ಲಿ ರಾತ್ರಿ 9 ಗಂಟೆ 28 ನಿಮಿಷ. ಬೇಸಿಗೆಯಾಗಿದ್ದರೆ 8 ಗಂಟೆ 28 ನಿಮಿಷ, ಏಕೆಂದರೆ ಲಂಡನ್ನಿನವರು ವರ್ಷಕ್ಕೆರಡು ಸಲ ಗಡಿಯಾರವನ್ನು ತಿರುಗಿಸುತ್ತಾರೆ. ನಾಲ್ಕು ಗಂಟೆಗೆ ಮೊದಲೋ ಆಮೇಲೋ ಎಂಬುದರ ಮೇಲೇ ಮೊಕದ್ದಮೆ ನಿಂತಿರುವಾಗ, ಎಲ್ಲ ವೇಳೆಯನ್ನೂ ಒಂದೇ ಜಾಗತಿಕ ಕಾಲಮಾನದಲ್ಲಿ ಬರೆದಿಡದವರು ತಾವೇ ಗುಂಡಿ ತೋಡಿಕೊಂಡಂತೆ.

‘ಒಂದೂ ಬಿಟ್ಟುಹೋಗಿಲ್ಲ’ ಎಂಬುದನ್ನು ತೋರಿಸುವ ಉಪಾಯ ನಮ್ಮ ಸರ್ಕಾರಿ ಕಚೇರಿಗಳಿಗೆ ಹಿಂದಿನಿಂದಲೂ ಗೊತ್ತಿತ್ತು. ಹೊಸ ರಿಜಿಸ್ಟರಿನ ಮೊದಲ ಪುಟದಲ್ಲಿ ‘ಈ ಪುಸ್ತಕದಲ್ಲಿ 200 ಪುಟಗಳಿವೆ’ ಎಂದು ಅಧಿಕಾರಿ ಬರೆದು ಸಹಿ ಹಾಕುವುದನ್ನು ನೀವು ಕಂಡಿರಬಹುದು. ನಡುವಿನ ಒಂದು ಹಾಳೆ ಹರಿದರೆ ಲೆಕ್ಕವೇ ಕೂಗಿ ಹೇಳುತ್ತದೆ. ಅಂತೆಯೇ, ವರದಿ ಮಾಡಲು ಏನೂ ಇಲ್ಲದ ತಿಂಗಳಿನಲ್ಲಿಯೂ ‘ಶೂನ್ಯ ವರದಿ’ ಕಳಿಸಲೇಬೇಕೆಂಬ ಪದ್ಧತಿಯನ್ನು ನಾವು ಹಾಸ್ಯ ಮಾಡುತ್ತೇವೆ, ಆದರೆ ಅದರ ಹಿಂದೆ ಗಟ್ಟಿಯಾದ ತರ್ಕವಿದೆ. ಭಾನುವಾರ ಚಾಟ್ ವ್ಯವಸ್ಥೆಯಿಂದ ಫೈಲೇ ಬರಲಿಲ್ಲವೆಂದರೆ ಅದು ರಜೆಯೋ, ತಂತಿ ಕಡಿದದ್ದೋ? ಖಾಲಿ ಫೈಲು ಬಂದರೆ ಸಂದೇಹವಿಲ್ಲ. ಚೆನ್ನಾಗಿ ಕಟ್ಟಿದ ಆರ್ಕೈವಿನಲ್ಲಿ ಕಳುಹಿಸಿದ ಕಡೆಯ ಎಣಿಕೆ ಮತ್ತು ಸೇರಿದ ಕಡೆಯ ಎಣಿಕೆಯನ್ನು ಪ್ರತಿದಿನ ತಾಳೆ ನೋಡಲಾಗುತ್ತದೆ. ಹೊಸದಾಗಿ ಸೇರಿದ ಟ್ರೇಡರಿನ ಹೆಸರು, ಯಾರ ಸಂದೇಶ ಹಿಡಿಯಬೇಕೆಂಬ ಪಟ್ಟಿಗೆ ಬಂದಿದೆಯೇ ಎಂದು ಸಿಬ್ಬಂದಿ ವಿಭಾಗದ ಪಟ್ಟಿಯೊಂದಿಗೂ ತಾಳೆ ನೋಡಲಾಗುತ್ತದೆ. ಮಾಡಿದವರಿಗೆ ಯಾರೂ ಭೇಷ್ ಎನ್ನದ ಬೇಸರದ ಕೆಲಸವಿದು.

ಇನ್ನು ‘ಒಂದಕ್ಷರವೂ ಬದಲಾಗಿಲ್ಲ’ ಎಂಬ ಭಾಗಕ್ಕೆ ಬರೋಣ. ನನ್ನ ಪ್ರೀತಿಯ ಭಾಗವಿದು. ಇದಕ್ಕೆ ನಮ್ಮ ನಾಡಿನ ಹಳೆಯ ದಾಖಲೆಗಳಿಗಿಂತ ಒಳ್ಳೆಯ ಹೋಲಿಕೆ ನನಗೆ ಸಿಕ್ಕಿಲ್ಲ. ‘ಕಡತ’ ಎಂಬ ಪದವನ್ನೇ ನೋಡಿ. ಇಂದು ಅದು ಕಚೇರಿಯ ಫೈಲು. ಮೂಲದಲ್ಲಿ ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಶೃಂಗೇರಿ ಮಠದ ಕಡತಗಳು ಇತಿಹಾಸಕಾರರಿಗೆ ನಿಧಿಯೇ ಸರಿ. ಆದರೆ ಅದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಹಾಗೆ ಒರೆಸಲಾಗದ್ದು ಬೇಕೆನಿಸಿದಾಗ ಅರಸರು ಕಲ್ಲಿಗೆ ಅಥವಾ ತಾಮ್ರಕ್ಕೆ ಹೋದರು. ತಾಮ್ರಪಟಗಳ ಜಾಣ್ಮೆ ಲೋಹದಲ್ಲಿದ್ದುದಕ್ಕಿಂತ ಬಳೆಯಲ್ಲಿತ್ತು: ಎಲ್ಲ ಹಲಗೆಗಳಿಗೂ ತೂತು ಕೊರೆದು, ಒಂದು ಬಳೆಯನ್ನು ಪೋಣಿಸಿ, ಬಳೆಯ ಎರಡು ತುದಿಗಳನ್ನು ರಾಜಮುದ್ರೆಯೊಳಗೆ ಬೆಸೆಯುತ್ತಿದ್ದರು. ನಡುವಿನ ಹಲಗೆಯನ್ನು ತೆಗೆಯಬೇಕಾದರೂ ಸೇರಿಸಬೇಕಾದರೂ ಬಳೆಯನ್ನು ಕತ್ತರಿಸಲೇಬೇಕು, ಕತ್ತರಿಸಿದ್ದು ಕಣ್ಣಿಗೆ ಕಾಣುತ್ತದೆ.

ಸಂದೇಶಗಳಿಗೆ ಇಂಥ ಬಳೆ ತೊಡಿಸುವುದು ಹೇಗೆ? ಒಂದು ಆಟದ ಲೆಕ್ಕ ಮಾಡೋಣ. ಪ್ರತಿ ಸಂದೇಶವೂ ಒಂದು ಸಂಖ್ಯೆ ಎಂದುಕೊಳ್ಳಿ. ಹಿಂದಿನ ಮುದ್ರೆಯನ್ನು 7ರಿಂದ ಗುಣಿಸಿ, ಸಂದೇಶದ ಸಂಖ್ಯೆಯನ್ನು ಕೂಡಿಸಿ, ಬಂದ ಮೊತ್ತದ ಕೊನೆಯ ಎರಡು ಅಂಕಿಗಳನ್ನು ಹೊಸ ಮುದ್ರೆಯಾಗಿ ಇಟ್ಟುಕೊಳ್ಳಬೇಕು. ಮೊದಲ ಮುದ್ರೆ 15, ಸಂದೇಶಗಳು 23, 41, 58 ಎಂದಿರಲಿ. 15 × 7 + 23 = 128, ಮುದ್ರೆ 28. ಮುಂದೆ 28 × 7 + 41 = 237, ಮುದ್ರೆ 37. ಕೊನೆಗೆ 37 × 7 + 58 = 317, ಮುದ್ರೆ 17. ಈಗ ಯಾರೋ ನಡುವಿನ 41ನ್ನು ಗುಟ್ಟಾಗಿ 42 ಮಾಡಿದರೆ ಎರಡನೆಯ ಮುದ್ರೆ 38 ಆಗುತ್ತದೆ, ಮೂರನೆಯದು 24. ಆ ಸಂದೇಶವನ್ನು ಕಿತ್ತೇ ಹಾಕಿದರೆ ಕೊನೆಯ ಮುದ್ರೆ 54. ಮೂರನೆಯ ಸಂದೇಶವನ್ನು ಯಾರೂ ಮುಟ್ಟಿಲ್ಲ, ಆದರೂ ಅದರ ಮುದ್ರೆ ಕೆಟ್ಟಿತು. ಹೆಣಿಗೆಯಲ್ಲಿ ಒಂದು ಕೊಂಡಿ ಬಿಟ್ಟರೆ ಮುಂದಿನ ಸಾಲುಗಳೆಲ್ಲ ಸೊಟ್ಟಗಾಗುವ ಹಾಗೆ, ಹಿಂದೆ ನಡೆದ ತಪ್ಪು ಮುಂದಿನ ಪ್ರತಿ ಮುದ್ರೆಯಲ್ಲೂ ಮುಖ ತೋರಿಸುತ್ತದೆ. ಹತ್ತು ಲಕ್ಷ ಸಂದೇಶಗಳಿದ್ದರೂ ಕೊನೆಯ ಒಂದು ಮುದ್ರೆಯನ್ನು ತಾಳೆ ನೋಡಿದರೆ ಸಾಕು.

ನನ್ನ ಆಟದ ಲೆಕ್ಕವನ್ನು ಮೋಸಗೊಳಿಸುವುದು ಸುಲಭ: 41ರ ಬದಲು 141 ಇಟ್ಟರೆ ಮುದ್ರೆ ಅದೇ 37. ನಿಜವಾದ ಆರ್ಕೈವುಗಳು ಬಳಸುವ ಎಸ್‌ಎಚ್‌ಎ-256 ಎಂಬ ಹ್ಯಾಶ್ (ಮುದ್ರೆ ತೆಗೆಯುವ) ವಿಧಾನದಲ್ಲಿ ಎರಡು ಅಂಕಿಯ ಜಾಗದಲ್ಲಿ 256 ಬಿಟ್‌ಗಳು, ಎಂದರೆ 0 ಅಥವಾ 1 ಎಂಬ ಅಂಕಿಗಳು, ಇವೆ. ಸಾಧ್ಯವಿರುವ ಮುದ್ರೆಗಳ ಎಣಿಕೆಯನ್ನು ಬರೆಯಲು 78 ಅಂಕಿಗಳು ಬೇಕು. ಮೂಲದಲ್ಲಿ ಒಂದೇ ಅಕ್ಷರ ಬದಲಾದರೂ ಮುದ್ರೆಯ ಸರಿಸುಮಾರು ಅರ್ಧದಷ್ಟು ಬಿಟ್‌ಗಳು ತಲೆಕೆಳಗಾಗುತ್ತವೆ. ಒಂದೇ ಮುದ್ರೆ ಬರುವ ಎರಡು ಪಠ್ಯಗಳನ್ನು ಇಂದಿನವರೆಗೆ ಯಾರೂ ತೋರಿಸಿಲ್ಲ.

ಆದರೆ ಇಡೀ ಆರ್ಕೈವಿನ ಕೀಲಿ ಕೈಯಲ್ಲಿರುವ ಅಧಿಕಾರಿಯೇ ಮೋಸಕ್ಕಿಳಿದರೆ? ಅವನು ಸಂದೇಶವನ್ನು ತಿದ್ದಿ, ಅಲ್ಲಿಂದ ಮುಂದಿನ ಎಲ್ಲ ಮುದ್ರೆಗಳನ್ನೂ ಹೊಸದಾಗಿ ಲೆಕ್ಕ ಹಾಕಬಹುದು. ಹೊಸ ಬಳೆಯನ್ನೇ ಎರಕ ಹೊಯ್ದಂತೆ. ಇದಕ್ಕೆ ಪರಿಹಾರ ಹುಡುಕಿದವರು ಅಮೆರಿಕದ ಸಂಶೋಧಕರಾದ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟೋರ್ನೆಟ್ಟಾ. 1991ರಲ್ಲಿ ಪ್ರಕಟವಾದ ಅವರ ವಿಚಾರ ಸರಳವಾದದ್ದು: ಮುದ್ರೆಯನ್ನು ನಿಮ್ಮ ಕೈಗೆ ಎಟುಕದ, ಸಾವಿರಾರು ಜನ ನೋಡುವ ಜಾಗದಲ್ಲಿ ಇಟ್ಟುಬಿಡಿ. ಅವರ ಸಂಸ್ಥೆ 1995ರಿಂದ ವಾರಕ್ಕೊಮ್ಮೆ ತನ್ನ ಸರಪಣಿಯ ಮುದ್ರೆಯನ್ನು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ, ಕಳೆದುಹೋದ ವಸ್ತುಗಳ ಚಿಕ್ಕ ಜಾಹೀರಾತುಗಳ ನಡುವೆ ಅಚ್ಚು ಹಾಕಿಸತೊಡಗಿತು. ಆಮೇಲೆ ಯಾರಾದರೂ ಹಳೆಯ ದಾಖಲೆಯನ್ನು ತಿದ್ದಬೇಕೆಂದರೆ, ಗ್ರಂಥಾಲಯಗಳಲ್ಲಿ ಧೂಳು ತಿನ್ನುತ್ತಿರುವ ಆ ಪತ್ರಿಕೆಯ ಪ್ರತಿಗಳನ್ನೆಲ್ಲ ತಿದ್ದಬೇಕಾಗುತ್ತದೆ. ಬಿಟ್‌ಕಾಯಿನ್ ಹೆಸರು ಕೇಳಿ ರೋಮಾಂಚನಗೊಳ್ಳುವವರಿಗೆ ಅದರ ಬೆನ್ನೆಲುಬು ಇಲ್ಲೇ ಇದೆ ಎಂದು ನೆನಪಿಸಲು ನನಗೆ ಸ್ವಲ್ಪ ಹೆಚ್ಚೇ ಇಷ್ಟ.

ಹಾಗೆಂದು ಮುದ್ರೆಗೆ ಮಂತ್ರಶಕ್ತಿಯನ್ನು ಆರೋಪಿಸಬಾರದು. ಗಂಗರ ಹೆಸರಿನಲ್ಲಿ ದೊರೆತ ಹಲವು ತಾಮ್ರಪಟಗಳು ಖೊಟ್ಟಿ ಎಂದು ಶಾಸನತಜ್ಞ ಜೆ. ಎಫ್. ಫ್ಲೀಟ್ ವಾದಿಸಿದರು, ಅವನ್ನು ನಂಬಬಹುದೆಂದು ಇನ್ನೊಬ್ಬ ಶಾಸನತಜ್ಞ ಬಿ. ಎಲ್. ರೈಸ್ ವಾದಿಸಿದರು, ಜಗಳ ನಡೆದದ್ದು ಲಿಪಿ ಮತ್ತು ಕಾಲದ ಮೇಲೆ, ಬಳೆ ಬೆಸೆದಿತ್ತೇ ಎಂಬುದರ ಮೇಲೆ ಅಲ್ಲ. ಮೊದಲೇ ಸುಳ್ಳನ್ನು ಬರೆದು ಮುದ್ರೆ ಒತ್ತಿದರೆ ಮುದ್ರೆ ಆ ಸುಳ್ಳನ್ನೇ ಕಾಯುತ್ತದೆ. ಬರೆಯದೇ ಉಳಿದದ್ದರ ಬಗ್ಗೆ ಅದಕ್ಕೆ ಏನೂ ಗೊತ್ತಿಲ್ಲ. ಜೆಪಿ ಮಾರ್ಗನ್ 2021ರ ಡಿಸೆಂಬರಿನಲ್ಲಿ ಎರಡು ನಿಯಂತ್ರಕ ಸಂಸ್ಥೆಗಳಿಗೆ ಒಟ್ಟು 20 ಕೋಟಿ ಡಾಲರ್ ಕಟ್ಟಿದ್ದು ಇದಕ್ಕಾಗಿ: ನೌಕರರು, ಅವರ ಮೇಲ್ವಿಚಾರಕರು ಕೂಡ, ಸ್ವಂತ ಫೋನಿನ ವಾಟ್ಸ್‌ಆ್ಯಪ್‌ನಲ್ಲಿ ವ್ಯವಹಾರ ಮಾತಾಡಿದ್ದರು. ಮರುವರ್ಷದ ಸೆಪ್ಟೆಂಬರಿನಲ್ಲಿ ಇದೇ ಬಗೆಯ ತಪ್ಪಿಗೆ 16 ಸಂಸ್ಥೆಗಳಿಂದ ಎಸ್‌ಇಸಿ ಒಂದೇ 110 ಕೋಟಿ ಡಾಲರಿಗಿಂತ ಹೆಚ್ಚು ವಸೂಲಿ ಮಾಡಿತು.

ವಾಟ್ಸ್‌ಆ್ಯಪ್ ಸಂದೇಶಗಳು ಗೂಢಲಿಪಿಯಲ್ಲಿರುವುದರಿಂದ ಅವನ್ನು ಆರ್ಕೈವ್ ಮಾಡಲಾಗದು ಎಂಬ ನಂಬಿಕೆಯೂ ಹೀಗೆಯೇ ಹಬ್ಬಿದೆ. ಗೂಢಲಿಪಿ ದಾರಿಯಲ್ಲಿ ಕದ್ದು ಓದುವವರನ್ನು ತಡೆಯುತ್ತದೆ. ಎರಡು ತುದಿಗಳಲ್ಲಿ ಸಂದೇಶ ತೆರೆದೇ ಇರುತ್ತದೆ. ಲಕೋಟೆಗೆ ಅಂಟು ಹಚ್ಚುವ ಮೊದಲು ಪತ್ರದ ನಕಲು ಮಾಡಿಕೊಂಡರೆ ಅಂಚೆಯವರ ಮೊಹರು ಅದಕ್ಕೆ ಅಡ್ಡಿಯಾಗುವುದಿಲ್ಲ. ಬ್ಯಾಂಕುಗಳಿಗಾಗಿಯೇ ಹುಟ್ಟಿದ ಸಿಂಫನಿ ಎಂಬ ಚಾಟ್ ಸೇವೆಯ ವಿಷಯದಲ್ಲಿ ನ್ಯೂಯಾರ್ಕಿನ ನಿಯಂತ್ರಕರು 2015ರಲ್ಲಿ ಒಪ್ಪಿಸಿದ್ದೂ ಇದನ್ನೇ: ಸಂದೇಶಗಳ ಪ್ರತಿಯನ್ನು ಏಳು ವರ್ಷ ಇಡಬೇಕು, ಗೂಢಲಿಪಿ ಬಿಡಿಸುವ ಕೀಲಿಗಳ ನಕಲನ್ನು ನಾಲ್ಕು ಬ್ಯಾಂಕುಗಳು ಮೂರನೆಯವರ ವಶದಲ್ಲಿಡಬೇಕು.

ಇಂದು ಕ್ಲೌಡ್ ಸೇವೆಗಳಲ್ಲಿ ಅಳಿಸಲಾಗದ ಬೀಗ ಕೆಲವೇ ಗುಂಡಿಗಳ ಕೆಲಸ. ಕಟ್ಟುನಿಟ್ಟಿನ ವಿಧಾನವನ್ನು ಆರಿಸಿಕೊಂಡರೆ ಖಾತೆಯ ಯಜಮಾನನೂ ಅವಧಿ ಮುಗಿಯುವವರೆಗೆ ಫೈಲನ್ನು ತೆಗೆಯಲಾರ. ಆದರೆ 2019ರ ಆ ಜೂನ್ ತಿಂಗಳನ್ನು ನೆನಪಿಟ್ಟವರು ಸೇವೆಯವರ ಭರವಸೆಯ ಪತ್ರದ ಮೇಲೆ ಮಲಗುವುದಿಲ್ಲ. ಪ್ರತಿ ಡೊಮೇನಿನಲ್ಲಿಯೂ, ಪ್ರತಿ ಚಾಟ್ ಸೇವೆಗೂ ಒಂದೊಂದು ಪರೀಕ್ಷಾ ಸಂದೇಶವನ್ನು ಬಿತ್ತಿ, ಆಗಾಗ ಅದನ್ನು ಅಳಿಸಲು ತಾವೇ ಪ್ರಯತ್ನಿಸುತ್ತಾರೆ. ‘ಅನುಮತಿ ಇಲ್ಲ’ ಎಂಬ ಉತ್ತರ ಬಂದರೆ ಆ ಉತ್ತರವನ್ನು ವೇಳೆಯ ಸಮೇತ ಮುದ್ರೆ ಒತ್ತಿ ಅದೇ ಸರಪಣಿಗೆ ಸೇರಿಸುತ್ತಾರೆ. ಸಂದೇಶ ಅಳಿಸಿಹೋದರೆ ಉಳಿದ ಅಳಿಸುವ ಕೆಲಸಗಳನ್ನೆಲ್ಲ ಅಲ್ಲಿಯೇ ನಿಲ್ಲಿಸಿ, ರಾತ್ರಿ ಎಷ್ಟೇ ಹೊತ್ತಾಗಿದ್ದರೂ ಫೋನು ಮಾಡುತ್ತಾರೆ.