ಓಟ ನಿಂತ ಮೇಲೆ ರಕ್ತ ಎಲ್ಲಿಂದ? ಗ್ರೇಹೌಂಡ್ ದಾನಿಗಳ ಬಗ್ಗೆ ಒಂದು ಟಿಪ್ಪಣಿ

ನಾಯಿಗಳ ರಕ್ತ ವರ್ಗಾವಣೆ ಪಾಠದಲ್ಲಿ ಗ್ರೇಹೌಂಡ್ ಎಂಬ ಓಟದ ತಳಿಯ ಹೆಸರು ಬಂದೇ ಬರುತ್ತದೆ. ‘ಆದರ್ಶ ದಾನಿ’ ಅಂತ ಒಂದು ಸಾಲು ಬರೆದುಕೊಂಡು ನಾವೆಲ್ಲ ಮುಂದಿನ ಪುಟಕ್ಕೆ ಹೋಗುತ್ತೇವೆ. ಆ ಮಾತಿಗೆ ಕಾರಣಗಳು ಎರಡು. ಅದರ ರಕ್ತ ಒಳ್ಳೆಯದು ಎಂಬುದು ಒಂದು. ರೇಸಿನಿಂದ ಹೊರಬಿದ್ದ ನಾಯಿಗಳು ಬೇಕಾದಷ್ಟು ಸಿಗುತ್ತಿದ್ದವು ಎಂಬುದು ಇನ್ನೊಂದು. ಪರೀಕ್ಷೆಯಲ್ಲಿ ಕೇಳುವುದು ಮೊದಲನೆಯದನ್ನು ಮಾತ್ರ. ಆದರೆ ಎರಡನೆಯದನ್ನು ಬಿಟ್ಟು ಓದಿದರೆ ವಿಷಯ ಅರ್ಧವೇ ತಿಳಿದಂತೆ.

ಮೊದಲು ರಕ್ತದ ಗುಂಪು. ನಾಯಿಗಳಲ್ಲಿ ಗುಂಪುಗಳು ಹಲವಿದ್ದರೂ ಚಿಕಿತ್ಸೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಡಿಇಎ 1, ಅಂದರೆ ಕೆಂಪುಕಣಗಳ ಮೇಲಿರುವ ಒಂದು ಗುರುತು (ಆಂಟಿಜನ್). ಅದು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಮನುಷ್ಯರ ಎ, ಬಿ, ಒ ಗುಂಪುಗಳ ವಿಷಯ ಬೇರೆ; ಡಿಇಎ 1ರ ವಿರುದ್ಧ ನಾಯಿಯ ಮೈಯಲ್ಲಿ ಸಹಜವಾಗಿಯೇ ಪ್ರತಿಕಾಯಗಳು (ಪರಕೀಯ ಕಣಗಳ ಮೇಲೆ ಎರಗುವ ಪ್ರೋಟೀನುಗಳು) ಇರುವುದಿಲ್ಲ. ಹಾಗಾಗಿ ಡಿಇಎ 1 ನೆಗೆಟಿವ್ ನಾಯಿಗೆ ಪಾಸಿಟಿವ್ ರಕ್ತ ಕೊಟ್ಟರೂ ಮೊದಲ ಸಲ ಸಾಮಾನ್ಯವಾಗಿ ಏನೂ ಆಗದೆ ದಾಟಿಹೋಗುತ್ತದೆ. ಆದರೆ ಕೆಲವೇ ದಿನಗಳಲ್ಲಿ ಅದರ ಮೈಯಲ್ಲಿ ಪ್ರತಿಕಾಯಗಳು ಹುಟ್ಟಿಕೊಂಡಿರುತ್ತವೆ. ಎರಡನೇ ಸಲ ಅಂಥದೇ ರಕ್ತ ಹೋದರೆ ಕೆಂಪುಕಣಗಳು ಒಮ್ಮೆಲೇ ಒಡೆಯುತ್ತವೆ, ಪ್ರಾಣಕ್ಕೇ ಅಪಾಯ. ಗ್ರೇಹೌಂಡ್‌ಗಳಲ್ಲಿ ಹೆಚ್ಚಿನವು ಡಿಇಎ 1 ನೆಗೆಟಿವ್, ಹಾಗಾಗಿ ಅವುಗಳ ರಕ್ತ ಕೊಟ್ಟರೆ ಡಿಇಎ 1ರಿಂದ ಈ ತೊಂದರೆ ಬರುವುದಿಲ್ಲ. ‘ಹೆಚ್ಚಿನವು’ ಎಂದರೆ ಎಲ್ಲವೂ ಅಲ್ಲ, ಅದನ್ನು ಅಡಿಗೆರೆ ಹಾಕಿ ಇಟ್ಟುಕೊಳ್ಳಿ. ತಳಿ ನೋಡಿ ಗುಂಪು ಊಹಿಸುವಂತಿಲ್ಲ, ಪ್ರತಿ ದಾನಿಗೂ ಟೈಪಿಂಗ್ (ಗುಂಪು ಪತ್ತೆ) ಮಾಡಲೇಬೇಕು. ರೋಗಿಗೆ ಹಿಂದೆ ರಕ್ತ ಕೊಟ್ಟಿದ್ದರೆ ಕ್ರಾಸ್‌ಮ್ಯಾಚ್ (ಎರಡರ ರಕ್ತ ಬೆರೆಸಿ ಹೊಂದುತ್ತದೆಯೇ ಎಂದು ನೋಡುವುದು) ಕೂಡ ಬೇಕು, ಏಕೆಂದರೆ ಡಿಇಎ 1 ಬಿಟ್ಟು ಬೇರೆ ಆಂಟಿಜನ್‌ಗಳೂ ತೊಂದರೆ ಕೊಡುತ್ತವೆ.

ಇನ್ನು ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪುಕಣಗಳ ಪಾಲು. ಗ್ರೇಹೌಂಡ್‌ಗಳಲ್ಲಿ ಇದು ಶೇ 50ರಿಂದ 65ರವರೆಗೂ ಇರುತ್ತದೆ. ಇದರ ಬೆಲೆ ಗೊತ್ತಾಗಬೇಕಾದರೆ ಒಂದು ಲೆಕ್ಕ ಮಾಡಿ ನೋಡಬೇಕು. 20 ಕೆ.ಜಿ. ತೂಕದ ನಾಯಿ, ಪಿಸಿವಿ 12ಕ್ಕೆ ಇಳಿದಿದೆ, ಅದನ್ನು 22ಕ್ಕೆ ಏರಿಸಬೇಕು. ಸೂತ್ರ ಹೀಗೆ: 90ನ್ನು ತೂಕದಿಂದ ಗುಣಿಸಿ, ಏರಬೇಕಾದ ಪಿಸಿವಿಯಿಂದ ಗುಣಿಸಿ, ದಾನಿಯ ಪಿಸಿವಿಯಿಂದ ಭಾಗಿಸಿ. ದಾನಿಯ ಪಿಸಿವಿ 40 ಇದ್ದರೆ 450 ಮಿ.ಲೀ. ಬೇಕು. ಅದೇ 55 ಇದ್ದರೆ ಸುಮಾರು 327 ಮಿ.ಲೀ.ಗೇ ಕೆಲಸ ಆಗುತ್ತದೆ. ಹೃದಯ ಸೋತ ರೋಗಿಗೆ ನೂರಿಪ್ಪತ್ತು ಮಿ.ಲೀ. ಕಡಿಮೆ ಹೋಗುವುದು ದೊಡ್ಡ ಉಪಕಾರ.

ಉಳಿದ ಗುಣಗಳು ಮೈಕಟ್ಟಿಗೆ ಮತ್ತು ಸ್ವಭಾವಕ್ಕೆ ಸೇರಿದವು. ತೂಕ ಸುಮಾರು 30 ಕೆ.ಜಿ., ಕೂದಲು ಗಿಡ್ಡ, ಕತ್ತಿನ ಜುಗುಲಾರ್ ರಕ್ತನಾಳ ಬೆರಳಿಗೆ ಸುಲಭವಾಗಿ ಸಿಗುತ್ತದೆ, ಮೇಜಿನ ಮೇಲೆ ಗಲಾಟೆ ಮಾಡದೆ ಮಲಗುತ್ತದೆ.

ಇಲ್ಲಿ ಎಡವುವವರು ಹೆಚ್ಚು: ಗ್ರೇಹೌಂಡ್‌ನ ರಕ್ತ ಪರೀಕ್ಷೆಯ ವರದಿಯನ್ನು ಬೇರೆ ನಾಯಿಗಳ ಅಳತೆಗೋಲಿನಲ್ಲಿ ಓದಬಾರದು. ಪಿಸಿವಿ 60 ಕಂಡೊಡನೆ ನಿರ್ಜಲೀಕರಣ ಎನ್ನಬಾರದು. ಈ ತಳಿಯಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಮತ್ತು ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನು) ಸಹಜವಾಗಿಯೇ ಕಡಿಮೆ, ಮೂತ್ರಪಿಂಡದ ಸ್ಥಿತಿ ತಿಳಿಯಲು ನೋಡುವ ಕ್ರಿಯಾಟಿನಿನ್ ಸಹಜವಾಗಿಯೇ ತುಸು ಹೆಚ್ಚು. ಇದು ಗೊತ್ತಿಲ್ಲದೆ ಆರೋಗ್ಯವಾಗಿರುವ ನಾಯಿಗೆ ಥೈರಾಯ್ಡ್ ಮಾತ್ರೆ ಶುರು ಮಾಡುವ ಅಪಾಯ ಇದೆ.

ಈಗ ಎರಡನೇ ಕಾರಣಕ್ಕೆ ಬರೋಣ. ಯಂತ್ರದ ಮೊಲದ ಹಿಂದೆ ನಾಯಿ ಓಡಿಸುವ ಆಧುನಿಕ ರೇಸು 1919ರಲ್ಲಿ ಕ್ಯಾಲಿಫೋರ್ನಿಯಾದ ಎಮರಿವಿಲ್‌ನಲ್ಲಿ ರೂಪುಗೊಂಡಿತು. 1926ರಲ್ಲಿ ಮ್ಯಾಂಚೆಸ್ಟರ್‌ನ ಬೆಲ್ ವ್ಯೂ ಟ್ರ್ಯಾಕ್ ಮೂಲಕ ಬ್ರಿಟನ್ನಿಗೆ ಬಂತು. ರೇಸಿನ ನಾಯಿ ಸಾಮಾನ್ಯವಾಗಿ ಐದು ವರ್ಷ ತುಂಬುವುದರೊಳಗೆ ಟ್ರ್ಯಾಕ್ ಬಿಡುತ್ತದೆ. ಅದರ ಆಯಸ್ಸು ಹನ್ನೆರಡು ವರ್ಷ ದಾಟುವುದೂ ಉಂಟು. ಅಂದರೆ ರಕ್ತದಾನಕ್ಕೆ ಹೇಳಿ ಮಾಡಿಸಿದ ವಯಸ್ಸಿನಲ್ಲಿ, ಗಟ್ಟಿಮುಟ್ಟಾಗಿರುವಾಗಲೇ, ಅದು ಯಾರಿಗೂ ಬೇಡವಾಗುತ್ತಿತ್ತು. ಅಮೆರಿಕದ ಕೆಲವು ರಕ್ತನಿಧಿಗಳು ಇಂಥ ನಾಯಿಗಳನ್ನು ತಂದು ಕೆನಲ್‌ಗಳಲ್ಲಿ ಇಟ್ಟು, ನಿಯಮಿತವಾಗಿ ರಕ್ತ ತೆಗೆದು, ಆಸ್ಪತ್ರೆಗಳಿಗೆ ಒದಗಿಸುತ್ತಿದ್ದವು. ಕ್ಯಾಲಿಫೋರ್ನಿಯಾದ ಹೀಮೋಪೆಟ್ ಇದರಲ್ಲಿ ಹೆಸರಾದದ್ದು. ಅಲ್ಲಿ ದಾನದ ಅವಧಿ ಮುಗಿದ ನಾಯಿಗಳನ್ನು ಮನೆಗಳಿಗೆ ದತ್ತು ಕೊಡುವ ವ್ಯವಸ್ಥೆಯೂ ಇತ್ತು.

ಎಲ್ಲ ಕಡೆ ಪರಿಸ್ಥಿತಿ ಹಾಗಿರಲಿಲ್ಲ. 2017ರಲ್ಲಿ ಟೆಕ್ಸಸ್‌ನ ಚೆರೋಕಿಯಲ್ಲಿ ಸುಮಾರು 150 ಗ್ರೇಹೌಂಡ್‌ಗಳನ್ನು ರಕ್ತಕ್ಕಾಗಿ ಇಟ್ಟುಕೊಂಡಿದ್ದ ಜಾಗದ ಚಿತ್ರಗಳನ್ನು ಪ್ರಾಣಿಗಳ ಹಕ್ಕಿಗಾಗಿ ಕೆಲಸ ಮಾಡುವ ಪೇಟಾ ಸಂಸ್ಥೆ ಹೊರಗೆಡವಿತು. ರಕ್ತ ಕೊಟ್ಟು ಬೇರೆ ನಾಯಿಗಳನ್ನು ಉಳಿಸುತ್ತಿದ್ದ ಪ್ರಾಣಿಗಳ ಸ್ಥಿತಿ ನೋಡಿದವರಿಗೆ ಕರುಳು ಹಿಂಡಿದಂತಾಯಿತು. ‘ದಾನ’ ಎಂಬ ಮಾತು ಅಲ್ಲಿಗೆ ಸಲ್ಲುವುದಿಲ್ಲ ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಅಷ್ಟರಲ್ಲಿ ರೇಸೇ ಕುಸಿಯತೊಡಗಿತ್ತು. 2018ರ ನವೆಂಬರ್‌ನಲ್ಲಿ ಫ್ಲಾರಿಡಾದ ಮತದಾರರಲ್ಲಿ ಶೇ 69ರಷ್ಟು ಮಂದಿ ನಾಯಿ ರೇಸ್ ನಿಲ್ಲಿಸುವ, ರಾಜ್ಯ ಸಂವಿಧಾನದ 13ನೇ ಸಂಖ್ಯೆಯ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ದೇಶದ 17 ಟ್ರ್ಯಾಕ್‌ಗಳಲ್ಲಿ 11 ಆ ಒಂದೇ ರಾಜ್ಯದಲ್ಲಿದ್ದವು. 2020ರ ಕೊನೆಗೆ ಅಲ್ಲಿ ಓಟ ನಿಂತಿತು. 2022ರ ಕೊನೆಯಲ್ಲಿ ಆರ್ಕನ್ಸಾದ ಸೌತ್‌ಲ್ಯಾಂಡ್ ಟ್ರ್ಯಾಕ್ ಕೂಡ ನಿಂತಾಗ ಇಡೀ ಅಮೆರಿಕದಲ್ಲಿ ಉಳಿದದ್ದು ವೆಸ್ಟ್ ವರ್ಜೀನಿಯಾದ ಎರಡೇ. ಮಕಾವ್‌ನ ರೇಸ್ ಟ್ರ್ಯಾಕ್ ಕ್ಯಾನಿಡ್ರೋಮ್ 2018ರ ಜುಲೈನಲ್ಲಿ ಮುಚ್ಚಿದಾಗ 500ಕ್ಕೂ ಹೆಚ್ಚು ನಾಯಿಗಳು ಅಲ್ಲೇ ಉಳಿದುಬಿಟ್ಟಿದ್ದವು. 2024ರ ಡಿಸೆಂಬರ್‌ನಲ್ಲಿ ನ್ಯೂಜಿಲೆಂಡ್ ಸರ್ಕಾರವೂ ರೇಸ್ ಕೊನೆಗೊಳಿಸುವುದಾಗಿ ಘೋಷಿಸಿತು.

ರೇಸ್ ನಿಂತರೆ ರಕ್ತಕ್ಕೆ ಅಭಾವ ಬರುತ್ತದಲ್ಲ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರ ಬ್ರಿಟನ್ನಿನಲ್ಲಿ ಮೊದಲೇ ಸಿಕ್ಕಿತ್ತು. ಅಲ್ಲಿ 2007ರಲ್ಲಿ ಶುರುವಾದ ಪೆಟ್ ಬ್ಲಡ್ ಬ್ಯಾಂಕ್ ನಡೆಯುವುದು ಮನೆನಾಯಿಗಳಿಂದ. ಮಾಲೀಕರೇ ಕರೆತರುತ್ತಾರೆ, ಸುಮಾರು 450 ಮಿ.ಲೀ. ಕೊಟ್ಟು ನಾಯಿ ಮನೆಗೆ ಹೋಗುತ್ತದೆ. ತೂಕ 25 ಕೆ.ಜಿ.ಗಿಂತ ಹೆಚ್ಚಿರಬೇಕು, ವಯಸ್ಸು 1ರಿಂದ 8 ವರ್ಷದೊಳಗಿರಬೇಕು, ವಿದೇಶಕ್ಕೆ ಹೋಗಿರಬಾರದು. ಸಾಕಿದ ಗ್ರೇಹೌಂಡ್‌ಗಳೂ ಬರುತ್ತವೆ, ಲ್ಯಾಬ್ರಡಾರ್‌ಗಳೂ ಬರುತ್ತವೆ. ಕ್ಯಾಲಿಫೋರ್ನಿಯಾ 2021ರ ಕಾನೂನಿನ ಮೂಲಕ ಇದೇ ದಾರಿ ಹಿಡಿಯಿತು: ಮನೆನಾಯಿಗಳ ರಕ್ತನಿಧಿಗೆ ಅನುಮತಿ, ಅವುಗಳಿಂದ ಸಾಕಷ್ಟು ಸಿಗತೊಡಗಿದ ಮೇಲೆ ಕೂಡಿಹಾಕಿದ ನಾಯಿಗಳಿಂದ ತೆಗೆಯುವುದಕ್ಕೆ ಕೊನೆ.

ನಮ್ಮಲ್ಲಿ ಇದನ್ನು ಓದುವವರಿಗೆ ಎರಡು ಮಾತು. ಮುಧೋಳ ನಾಯಿಯ ಮೈಕಟ್ಟು ಗ್ರೇಹೌಂಡ್‌ನಂತೆಯೇ ಕಂಡರೂ ಗ್ರೇಹೌಂಡ್‌ನ ಅಂಕಿಗಳನ್ನು ಅದಕ್ಕೆ ಹಚ್ಚಬೇಡಿ, ಟೈಪಿಂಗ್ ಮಾಡಿ, ಪಿಸಿವಿ ನೋಡಿ. ಇನ್ನೊಂದು, ಬ್ರಿಟನ್ನಿನವರು ವಿದೇಶ ನೋಡಿದ ನಾಯಿಯನ್ನು ಬೇಡ ಎನ್ನುವುದು ಉಣ್ಣೆಯಂಥ ಕೀಟಗಳಿಂದ ಹರಡುವ ರೋಗಗಳ ಭಯಕ್ಕೆ. ನಮ್ಮ ನಾಯಿಗಳು ಹುಟ್ಟಿದಾಗಿನಿಂದ ಉಣ್ಣೆಗಳ ನಡುವೆಯೇ ಬೆಳೆಯುತ್ತವೆ. ಉಣ್ಣೆಗಳಿಂದ ಹರಡುವ ಎರ್ಲೀಕಿಯಾ, ಬಬೇಸಿಯಾ ಎಂಬ ರೋಗಾಣುಗಳು ಮೈಯಲ್ಲಿದ್ದೂ ನಾಯಿ ಲವಲವಿಕೆಯಿಂದ ಓಡಾಡಿಕೊಂಡಿರಬಹುದು. ಆದ್ದರಿಂದ ದಾನಿಯ ರಕ್ತವನ್ನು ಸ್ಮಿಯರ್‌ನಲ್ಲಿ (ಗಾಜಿನ ಮೇಲೆ ಹರಡಿ ಸೂಕ್ಷ್ಮದರ್ಶಕದಲ್ಲಿ) ನೋಡಿ ಬಿಡುವುದು ಸಾಲದು, ರೋಗಾಣುವಿನ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಆಗಬೇಕು.