ಹಳೆಯ ವಿಕ್ರಾಂತ್ ಮಾಡೆಲ್ ಮಾಡಿಸುವುದು ಹೇಗೆ?

ಪ್ರಶ್ನೆ: 1971ರ ಯುದ್ಧದ ಹಳೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಾಂತ್‌ನ ಮಾಡೆಲ್ ನಮಗೆ 1/700 ಅಳತೆಯಲ್ಲಿ, ಅಂದರೆ ನಿಜ ಹಡಗಿನ ಏಳುನೂರನೇ ಒಂದು ಪಾಲಿನಷ್ಟು ಬೇಕು. ನೂರು ಜನ ಸಹಿ ಹಾಕಿ ಕಳಿಸಿದರೆ ರೆಸಿನ್ ಕಿಟ್ (ಎರೆದರೆ ಗಟ್ಟಿಯಾಗುವ ದ್ರವದಿಂದ ಮಾಡಿದ, ನಾವೇ ಜೋಡಿಸುವ ಬಿಡಿಭಾಗಗಳು) ಮಾಡುವವರು ಒಪ್ಪುತ್ತಾರಾ?

ಉತ್ತರ: ಸಹಿ ನೋಡಿ ಯಾರೂ ಒಪ್ಪುವುದಿಲ್ಲ. ಹಡಗಿನ ಹೆಸರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಪ್ರತಿ ಸಲ ಇದೇ. ಹಾಗಾಗಿ ಈ ಸಲ ಬಿಡಿಸಿಯೇ ಹೇಳುತ್ತೇನೆ.

ದೊಡ್ಡ ಕಂಪನಿಗಳು ಪ್ಲಾಸ್ಟಿಕ್ ಕಿಟ್‌ಗೆ ಉಕ್ಕಿನ ಅಚ್ಚು ಕೊರೆಸುತ್ತವೆ. ಅಚ್ಚಿಗೇ ಲಕ್ಷಗಟ್ಟಲೆ ರೂಪಾಯಿ. ಸಾವಿರಾರು ಡಬ್ಬಿ ಮಾರಿದರಷ್ಟೇ ಅಸಲು ಹುಟ್ಟುತ್ತದೆ. ಅಲ್ಲಿ ನೂರು ಸಹಿ ಯಾವ ಮೂಲೆಗೂ ಸಾಲದು.

ರೆಸಿನ್ ಕಿಟ್ ಮಾಡುವ ಸಣ್ಣ ತಯಾರಕರ ಕಷ್ಟವೇ ಬೇರೆ. ಒಬ್ಬರೋ ಇಬ್ಬರೋ ಕೂತು ಮಾಡುವ ಕೆಲಸ ಅದು. ಮೊದಲು ಮೂಲ ಮಾದರಿ, ಅಂದರೆ ಮಾಸ್ಟರ್ ಆಗಬೇಕು. ಅದರ ಮೇಲೆ ಸಿಲಿಕೋನ್ ರಬ್ಬರ್ ಸುರಿದು ಅಚ್ಚು ತೆಗೆದು ರೆಸಿನ್ ಎರೆಯುತ್ತಾರೆ. ಕೆಲವು ಡಜನ್ ಎರಕ ತೆಗೆಯುವಷ್ಟರಲ್ಲಿ ರಬ್ಬರ್ ಹರಿಯುತ್ತದೆ, ಮತ್ತೆ ಹೊಸ ಅಚ್ಚು. ಗಾಳಿಗುಳ್ಳೆ ಬಂದ ತುಂಡು ಕಸಕ್ಕೆ. ನೂರು ಗಿರಾಕಿ ಅಂದರೆ ನೂರು ಸಲ ಕೈಯಾರೆ ಎರೆಯಬೇಕು! ಸಹಿ ಹಾಕಲು ಖರ್ಚಿಲ್ಲ, ಅಲ್ವಾ? ಕಿಟ್ ಬಂದಾಗ ಬೆಲೆ ಕೇಳಿ ಹಿಂದೆ ಸರಿಯುವವರು ಬಹಳ. ತಯಾರಕರಿಗೆ ಇದೆಲ್ಲ ಚೆನ್ನಾಗಿ ಗೊತ್ತು. ತಿಂಗಳುಗಟ್ಟಲೆ ಕೂತು ಮಾಡಿದ ಮಾಸ್ಟರ್‌ನ ಆಕಾರವೇ ತಪ್ಪಾದರೆ? ಅವರಿಗೆ ಈ ಭಯವೇ ಜಾಸ್ತಿ. ಸಹಿ ಪಟ್ಟಿ ಇದನ್ನು ಕಳೆಯುವುದಿಲ್ಲ.

ತ್ರೀಡಿ ಪ್ರಿಂಟರ್ ಇದೆಯಲ್ಲ ಎನ್ನಬೇಡಿ. ಅದು ಉಳಿಸುವುದು ಅಚ್ಚಿನ ಕೆಲಸವನ್ನು. ಹಡಗನ್ನು ಅಳೆದು ಕಂಪ್ಯೂಟರಿನಲ್ಲಿ ಬಿಡಿಸುವ ಕೆಲಸ ಹಾಗೇ ಉಳಿಯುತ್ತದೆ.

ಹಾಗಾದರೆ ಏನು ಕಳಿಸಬೇಕು? ನಕ್ಷೆ ಮತ್ತು ದಿನಾಂಕ ಗೊತ್ತಿರುವ ಫೋಟೋಗಳು. ವಿಕ್ರಾಂತ್ ವಿಷಯದಲ್ಲಿ ದಿನಾಂಕವೇ ಮುಖ್ಯ. 1971ರಲ್ಲಿ ಅದರ ಮೇಲೆ ಸೀ ಹಾಕ್ ಮತ್ತು ಅಲಿಜೆ ವಿಮಾನಗಳಿದ್ದವು, ಅವನ್ನು ಚಿಮ್ಮಿಸಲು ಉಗಿಯ ಕ್ಯಾಟಪಲ್ಟ್ ಇತ್ತು. ಮುಂದೆ ಸೀ ಹ್ಯಾರಿಯರ್ ವಿಮಾನಗಳಿಗಾಗಿ ಹಡಗಿನ ಮೂತಿಯನ್ನು ಮೇಲಕ್ಕೆ ಬಾಗಿಸಿ ಸ್ಕೀ ಜಂಪ್ ಕಟ್ಟಿದರು. ಎರಡನ್ನೂ ಬೆರೆಸಿ ಕಳಿಸಿದರೆ ಎಂದೂ ಇಲ್ಲದ ಹಡಗು ತಯಾರಾಗುತ್ತದೆ. ಈಗ ಹೋಗಿ ಅಳೆಯೋಣ ಎಂದರೆ 2014ರಲ್ಲಿ ಅದನ್ನು ಒಡೆಯಲು ಶುರು ಮಾಡಿಬಿಟ್ಟರು. ಅದಕ್ಕೂ ಮೊದಲು ಅದು ಮುಂಬೈನಲ್ಲಿ ಮ್ಯೂಸಿಯಂ ಆಗಿದ್ದಾಗ ನಿಮ್ಮ ಬಂಧುಗಳು ಅದರ ಮೇಲೆ ತೆಗೆದ ಫೋಟೋಗಳಿಗೂ ಬೆಲೆಯಿದೆ, ಹುಡುಕಿ. ಆದರೆ ಅವು ಸ್ಕೀ ಜಂಪ್ ಬಂದ ಮೇಲಿನವು ಎಂಬುದು ನೆನಪಿರಲಿ.

ಇನ್ನೊಂದು ಮಾತನ್ನು ಪತ್ರದಲ್ಲಿ ತಪ್ಪದೆ ಬರೆಯಿರಿ. ವಿಕ್ರಾಂತ್ ಬ್ರಿಟನ್ನಿನ ಮೆಜೆಸ್ಟಿಕ್ ವರ್ಗದ ಹಡಗು. ಆಸ್ಟ್ರೇಲಿಯಾದ ಮೆಲ್ಬರ್ನ್, ಕೆನಡಾದ ಬೊನಾವೆಂಚರ್ ಇದರ ಒಡಹುಟ್ಟುಗಳು. ಡೆಕ್, ಅದರ ಮೇಲಿನ ಗೋಪುರದಂಥ ಕಟ್ಟಡ (ಐಲ್ಯಾಂಡ್) ಬೇರೆ ಬೇರೆ. ಕೆಳಗಿನ ಒಡಲು ಮಾತ್ರ ಬಹುಪಾಲು ಒಂದೇ. ಒಂದು ಮಾಸ್ಟರ್‌ನಿಂದ ಮೂರು ದೇಶದ ಗಿರಾಕಿ ಸಿಗುತ್ತಾರೆ ಎಂದು ತೋರಿಸಿ. ನನ್ನ ಮಟ್ಟಿಗೆ ಇದಕ್ಕಿಂತ ಬಲವಾದ ವಾದ ಇಲ್ಲ.

1/700 ಅಳತೆಯೇ ಯಾಕೆ ಎಂದು ಯಾರೂ ಕೇಳುವುದಿಲ್ಲ, ಕೇಳಬೇಕು. 1971ರಲ್ಲಿ ಜಪಾನಿನ ಶಿಜುವೋಕಾದ ತಮಿಯಾ, ಹಸೆಗಾವಾ, ಅವೋಶಿಮಾ, ಫುಜಿಮಿ ಕಂಪನಿಗಳು ಸೇರಿ ವಾಟರ್‌ಲೈನ್ ಸರಣಿ ಶುರು ಮಾಡಿದವು. ನೀರಿನ ಮೇಲಿನ ಭಾಗ ಮಾತ್ರ, ಎಲ್ಲರದೂ ಒಂದೇ ಅಳತೆ. ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಮಾಡದಂತೆ ಹಡಗುಗಳನ್ನು ಹಂಚಿಕೊಂಡರು. ಸಣ್ಣ ತಯಾರಕರ ನಡುವೆ ಅಂಥ ಒಪ್ಪಂದ ಇಲ್ಲ. ಒಂದೇ ಹಡಗಿಗೆ ಇಬ್ಬರು ಕೈಹಾಕಿದರೆ ಇರುವ ನಾಲ್ಕು ಗಿರಾಕಿಗಳೂ ಹಂಚಿಹೋಗುತ್ತಾರೆ. ಅದಕ್ಕೇ ಪತ್ರ ಬರೆಯುವ ಮೊದಲು, ಬೇರೆ ಯಾರಾದರೂ ಅದನ್ನು ಮಾಡಿದ್ದಾರಾ, ಶುರು ಮಾಡಿದ್ದಾರಾ ಎಂದು ವಿಚಾರಿಸಿ.