ಬೀಳು ಬಿಟ್ಟ ಟ್ಯಾಂಕ್

ಹುಬ್ಬಳ್ಳಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಗಾಜಿನ ಟ್ಯಾಂಕ್ ಇದೆ. ಒಳಗೆ ಉಪ್ಪುನೀರು, ಕಲ್ಲು, ಎರಡು ಸಿಗಡಿ, ನಾಲ್ಕು ಬಸವನಹುಳು. ಮೀನು ಮಾತ್ರ ಇಲ್ಲ. ಆದರೂ ದಿನಾ ಲೈಟ್ ಹಚ್ಚುತ್ತೇನೆ, ಪಂಪ್ ಓಡಿಸುತ್ತೇನೆ. ಅಣ್ಣಿಗೇರಿಯಿಂದ ಬಂದ ಕಾಕಾ ಅದನ್ನು ಸ್ವಲ್ಪ ಹೊತ್ತು ನೋಡಿ, “ಯಾಕೋ ತಮ್ಮಾ, ಮೀನ ಇಲ್ಲದ ನೀರಿಗೆ ಕರೆಂಟ್ ಯಾಕ ಸುಡಾಕತ್ತೀದಿ?” ಎಂದರು.

ರೋಗದ ಕತೆ ಹೇಳಿದೆ. ಪೂರ್ತಿ ಕೇಳಿ ಅವರು ಅಂದದ್ದು ಒಂದೇ ಮಾತು: “ಹಂಗಾರ ಬೀಳ ಬಿಟ್ಟೀದಿ ಅನ್ನು.”

ಸಮುದ್ರದ ಮೀನು ಸಾಕುವವರು ಇದನ್ನು ‘ಫ್ಯಾಲೋ’ ಅನ್ನುತ್ತಾರೆ. ಅದೂ ಹೊಲದಿಂದಲೇ ಬಂದ ಪದ. ನಮ್ಮ ಹತ್ತಿರ ‘ಬೀಳು’ ಇರುವಾಗ ಅದನ್ನು ಯಾಕೆ ಹೊತ್ತು ತಿರುಗಬೇಕು ಅಂತ ಅಂದಿನಿಂದ ನಾನು ಬೀಳು ಅಂತಲೇ ಹೇಳುತ್ತಿದ್ದೇನೆ. ಬೀಳು ಅಂದರೆ ಬಂಜರಲ್ಲ. ಬಂಜರು ಏನೂ ಬೆಳೆಯದ ನೆಲ. ಬೀಳು ಬೆಳೆಯುವ ನೆಲವೇ, ಬೇಕಂತಲೇ ಬಿತ್ತದೆ ಬಿಟ್ಟದ್ದು. ಎರೆ ಹೊಲದವರು ಮುಂಗಾರಿಗೆ ಬಿತ್ತದೆ ಬಿಟ್ಟು, ಮಳೆಯ ತೇವ ನೆಲದಲ್ಲಿ ಉಳಿಸಿಕೊಂಡು, ಹಿಂಗಾರಿಗೆ ಜೋಳ, ಕಡಲೆ ಬಿತ್ತುವುದು ಹೀಗೇ. ಅದರಿಂದ ಇನ್ನೊಂದು ಲಾಭವೂ ಇದೆ. ಒಂದೇ ಬೆಳೆ ತಿಂದು ಬದುಕುವ ಹುಳಕ್ಕೆ ಆ ಬೆಳೆ ಸಿಗದಿದ್ದರೆ ಅದು ಹಸಿದು ಸಾಯುತ್ತದೆ. ಟ್ಯಾಂಕಿನಲ್ಲಿ ನಮಗೆ ಬೇಕಾದದ್ದು ಈ ಎರಡನೆಯದು.

ಇಲ್ಲಿ ಹುಳ ಅಂದರೆ ಕ್ರಿಪ್ಟೊಕ್ಯಾರಿಯಾನ್ ಇರಿಟಾನ್ಸ್ ಎಂಬ ಏಕಕೋಶ ಜೀವಿ. ಅದು ತರುವುದು ಬಿಳಿಚುಕ್ಕೆ ರೋಗ. ನಾನು ಕ್ಲೌನ್ ಫಿಶ್ ಜೋಡಿ ತರಿಸಿದ್ದೆ. ರಾತ್ರಿ ಬಸ್ಸಿನಲ್ಲಿ ಪ್ಲಾಸ್ಟಿಕ್ ಚೀಲದೊಳಗೆ ಬಂದವು. ಅಂಗಡಿಯವರು “ಏನೂ ಆಗಲ್ಲ ಸರ್, ನೇರ ಬಿಡಿ” ಅಂದಿದ್ದರು. ಬಿಟ್ಟೆ. ಐದನೇ ದಿನ ರೆಕ್ಕೆಯ ಮೇಲೆ ಉಪ್ಪಿನ ಕಾಳು ಉದುರಿಸಿದ ಹಾಗೆ ಚುಕ್ಕೆ. ಎರಡು ದಿನಕ್ಕೆ ಚುಕ್ಕೆ ಮಾಯ. ವಾಸಿಯಾಯಿತು ಅಂತ ಪೇಡೆ ಹಂಚುವುದೊಂದು ಬಾಕಿ! ಮುಂದಿನ ವಾರ ಮೊದಲಿಗಿಂತ ಜಾಸ್ತಿ ಚುಕ್ಕೆ ಬಂತು. ಎರಡೂ ಉಳಿಯಲಿಲ್ಲ.

ಮೋಸ ಹೋಗುವುದೇ ಆ ಮಾಯವಾದ ಚುಕ್ಕೆಯಲ್ಲಿ. ಜೀವಿ ಮೀನಿನ ಚರ್ಮದ ಒಳಗೆ ಕೂತು 3ರಿಂದ 7 ದಿನ ತಿನ್ನುತ್ತದೆ. ಹೊಟ್ಟೆ ತುಂಬಿದ ಮೇಲೆ ತಾನಾಗಿ ಉದುರುತ್ತದೆ. ನಾವು ವಾಸಿಯಾಯಿತು ಅಂದುಕೊಳ್ಳುವ ಹೊತ್ತಿಗೆ ಅದು ಮರಳಿಗೋ ಕಲ್ಲಿಗೋ ಗಾಜಿಗೋ ಅಂಟಿಕೊಂಡು ಸುತ್ತ ಗಟ್ಟಿ ಕೋಶ ಕಟ್ಟಿಕೊಂಡಿರುತ್ತದೆ. ಒಳಗೆ ಒಡೆದು ಒಡೆದು ನೂರಾರು ಮರಿಯಾಗುತ್ತದೆ. ಸಾಮಾನ್ಯವಾಗಿ 3ರಿಂದ 28 ದಿನದಲ್ಲಿ ಮರಿಗಳು ಹೊರಬಂದು ಈಜುತ್ತವೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಅವು ಸತ್ತವು. ಸಿಗಡಿ, ಬಸವನಹುಳು, ಹವಳ ಯಾವುದೂ ಅವುಗಳ ಊಟವಲ್ಲ. ಅದಕ್ಕೇ ಅವು ಟ್ಯಾಂಕಿನಲ್ಲೇ ಇರಬಹುದು.

ಹಾಗಾದರೆ ಒಂದು ತಿಂಗಳು ಬಿಟ್ಟರೆ ಸಾಲದೇ? ಸಾಲದು. ಎಲ್ಲ ಕೋಶಗಳೂ ಒಂದೇ ದಿನ ಒಡೆಯುವುದಿಲ್ಲ. ಸೋಮಾರಿ ಕೋಶಗಳಿರುತ್ತವೆ. 72 ದಿನದವರೆಗೂ ಮರಿ ಹೊರಬಂದ ದಾಖಲೆ ಇದೆ. ಅದರ ಮೇಲೆ ನಾಲ್ಕು ದಿನ ಸೇರಿಸಿ, 76 ದಿನ ಅಂತ ಮೀನು ಸಾಕುವವರು ಹಿಡಿದುಕೊಂಡಿದ್ದಾರೆ. ಟ್ಯಾಂಕಿನಲ್ಲಿ ಮೀನು ಉಳಿದಿದ್ದರೆ ಎಲ್ಲವನ್ನೂ ಹಿಡಿದು ಬೇರೆ ಕಡೆ ಇಡಬೇಕು. “ಇದೊಂದು ಚೆನ್ನಾಗಿದೆಯಲ್ಲ, ಇರಲಿ” ಅಂತ ಒಂದನ್ನು ಉಳಿಸಿದರೂ ಅದು ಬೀಳಲ್ಲ. ಕಾಕಾಗೆ ಇದನ್ನು ವಿವರಿಸಬೇಕಾಗಲೇ ಇಲ್ಲ. “ಹತ್ತಿ ಕಿತ್ತ ಮ್ಯಾಲ ಬದುವಿನಾಗ ಒಂದ ಬೆಂಡಿ ಗಿಡ ಉಳದ್ರೂ ಕಾಯಿಕೊರಕ ಅಲ್ಲೇ ಇರ್ತೈತಿ” ಅಂದರು. ಮೀನಿರುವ ಕಡೆಯಿಂದ ಬಂದ ಬಲೆ, ಬಕೆಟ್, ಒದ್ದೆ ಕೈ ಕೂಡ ಆ ಬೆಂಡೆ ಗಿಡವೇ.

ಇನ್ನೊಂದು ತಪ್ಪು ತಿಳಿವಳಿಕೆ. ಟ್ಯಾಂಕ್ ಒಣಗಿಸಿ ಬ್ಲೀಚಿಂಗ್ ಪೌಡರ್ ಹಾಕಿ ತೊಳೆದರೆ ಅದು ಬೀಳು ಬಿಟ್ಟಂತಲ್ಲ, ಹಾಳು ಮಾಡಿದಂತೆ. ಕಲ್ಲಿನಲ್ಲಿ ಅಮೋನಿಯಾ ಎಂಬ ವಿಷವನ್ನು ಬದಲಿಸಿ ಕಡಿಮೆ ಮಾಡುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಅವು ಬದುಕಲಿ ಅಂತಲೇ ಪಂಪ್ ಓಡಬೇಕು, ಚೂರು ಊಟ ಬೀಳಬೇಕು, ಆರಿದಷ್ಟು ನೀರು ತುಂಬಬೇಕು. ಆರುವುದು ನೀರು ಮಾತ್ರ, ಉಪ್ಪಲ್ಲ. ಹಾಗಾಗಿ ತುಂಬುವುದು ಸಿಹಿನೀರು. ನಲ್ಲಿ ನೀರು ಬರುವ ದಿನ ಕಾದು ಆರ್‌ಒ ಹಿಡಿದಿಟ್ಟುಕೊಳ್ಳುವ ನಮ್ಮ ಓಣಿಯಲ್ಲಿ ಇದೇ ದೊಡ್ಡ ಕೆಲಸ.

ಇನ್ನು ಬೇರೆ ಕಡೆ ಇಟ್ಟ ಮೀನಿಗೆ ಔಷಧ. ಹೆಚ್ಚು ಬಳಸುವುದು ತಾಮ್ರ. ಅದು ಚರ್ಮದೊಳಗೆ ಕೂತದ್ದನ್ನೂ ಕೋಶದೊಳಗಿನದ್ದನ್ನೂ ಮುಟ್ಟುವುದಿಲ್ಲ, ಈಜುವ ಮರಿಯನ್ನಷ್ಟೇ ಕೊಲ್ಲುತ್ತದೆ. ಅದಕ್ಕೇ ಕನಿಷ್ಠ ಮೂರು ವಾರ ಮಟ್ಟ ಇಳಿಯದ ಹಾಗೆ ಹಿಡಿಯಬೇಕು. ಬಿಡಿ ತಾಮ್ರವಾದರೆ (ಬೇರೆ ರಾಸಾಯನಿಕದೊಂದಿಗೆ ಕಟ್ಟಿಹಾಕದ್ದು) ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಬೇರೆ ನಮೂನೆಯ ತಾಮ್ರದ ಔಷಧಕ್ಕೆ ಅಳತೆ ಬೇರೆ, ಬಾಟಲಿಯ ಮೇಲೆ ಓದಿಯೇ ಹಾಕಿ. ಟೆಸ್ಟ್ ಕಿಟ್ ಇಲ್ಲದೆ ತಾಮ್ರ ಮುಟ್ಟಬೇಡಿ. ಮುಖ್ಯ ಟ್ಯಾಂಕಿಗಂತೂ ಬೇಡವೇ ಬೇಡ: ಸಿಗಡಿ, ಹವಳ ಸಾಯುತ್ತವೆ, ಕಲ್ಲು ತಾಮ್ರ ಹೀರಿಕೊಳ್ಳುತ್ತದೆ. ಸಿಹಿನೀರಿನ ಮೀನಿನ ಬಿಳಿಚುಕ್ಕೆಗೆ ಹೀಟರ್ ಏರಿಸುವ ರೂಢಿ ಇದೆಯಲ್ಲ, ಅದು ಇಲ್ಲಿ ನಡೆಯದು. ಅದು ಬೇರೆಯೇ ಜೀವಿ.

ಹೊಸ ಮೀನು ತಂದವರಿಗೆ ನನಗೆ ಹಿಡಿಸಿದ ದಾರಿ ಇನ್ನೊಂದು. ಎರಡು ಪ್ಲಾಸ್ಟಿಕ್ ಟಬ್, ಒಂದು ಏರ್ ಪಂಪ್, ಅಡಗಲು ಪಿವಿಸಿ ಪೈಪಿನ ತುಂಡು. ಮೂರು ದಿನಕ್ಕೊಮ್ಮೆ ಮೀನನ್ನು ಹೊಸ ನೀರಿನ ಟಬ್ಬಿಗೆ ದಾಟಿಸಿ, ಹಳೆಯದನ್ನು ತೊಳೆದು ಪೂರ್ತಿ ಒಣಗಿಸುವುದು. ಪಂಪಿನ ಪೈಪು, ತುಂಡು ಎಲ್ಲ ಸೇರಿ. ಹೀಗೆ ನಾಲ್ಕು ಸಲ, 12 ದಿನ. ಉದುರಿದ ಕೋಶ ಒಡೆಯುವ ಮೊದಲೇ ಮೀನು ಅಲ್ಲಿಂದ ಎದ್ದು ಹೋಗಿರುತ್ತದೆ. ಔಷಧವಿಲ್ಲ, ಉಪ್ಪು ಮಾತ್ರ ಜಾಸ್ತಿ ಖರ್ಚಾಗುತ್ತದೆ. ಆದರೆ ಇದು ಬಿಳಿಚುಕ್ಕೆಗೆ ಮಾತ್ರ. ಮೈಮೇಲೆ ಧೂಳು ಮೆತ್ತಿದ ಹಾಗಿದ್ದು ಮೀನು ಏದುಸಿರು ಬಿಡುತ್ತಿದ್ದರೆ ಅದು ವೆಲ್ವೆಟ್ ಎಂಬ ಬೇರೆ ರೋಗ ಇರಬಹುದು. ಅದಕ್ಕೆ ದಿನಗಟ್ಟಲೆ ಕಾಯಬೇಡಿ, ತಾಮ್ರವೇ ಬೇಕು.

ಮೊನ್ನೆ ಕಾಕಾ ಫೋನ್ ಮಾಡಿದ್ದರು. “ಬಿತ್ತಿಗಿ ಯಾವಾಗೋ?” ಅಂದರು. ಕ್ಯಾಲೆಂಡರ್ ನೋಡಿದೆ. 61ನೇ ದಿನ. ಹೊಸ ಜೋಡಿ ಹಿತ್ತಲ ಕೋಣೆಯಲ್ಲಿ ಮೂರನೇ ಸಲದ ಟಬ್ಬಿನಲ್ಲಿತ್ತು.